ಭರಣಿಯ ಹೊಳಪು

೧೯೪೧ ಏಪ್ರಿಲ್ ೧೬, ಹಳಿಯಾಳ

ವ್ಯಾಪಾರಿ ಮಲಿಕಸಾಬರು ಬಂದಿದ್ದರು. ನಾನು ಬಾಗಿಲ ಹಿಂದೆಯೇ ನಿಂತೆ. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವಳು, ಅಣ್ಣನ ಭರಣಿ ಕಾರಖಾನೆಯ ಕಾಗದ ಪತ್ರಗಳನ್ನೆಲ್ಲ ಬರೆಯುವವಳು, ಹೊರಗೆ ಬಂದು ‘ಬರ್ರಿ, ಕೂಡ್ರಿ’ ಎನ್ನುವುದಕ್ಕೆ ಏನು ಕಷ್ಟ? ಆದರೆ ಅವರ ದನಿ ಕೇಳಿದೊಡನೆ ನಾಲಿಗೆ ಒಣಗಿತು.

“ನಿಮ್ಮ ತಂಗಿ ಮಾತಾಡೂದಿಲ್ಲೇನ್ರಿ ನಾಗಲಿಂಗಪ್ಪ?” ಎಂದು ಅವರು ಕೇಳಿದರು.

“ಪುಸ್ತಕದ ಜೋಡಿ ಆಡ್ತಾಳ್ರಿ. ಮಂದಿ ಜೋಡಿ ಅಕಿದು ಮೌನವ್ರತ” ಎಂದ ಅಣ್ಣ. ಇಬ್ಬರೂ ನಕ್ಕರು. ಒಳಗೆ ಅಣ್ಣನ ಹೆಂಡತಿ ವೈನಿಯೂ ನಕ್ಕರು. ನನಗೆ ಸಿಟ್ಟು ಬಂತು, ಅದನ್ನೂ ಹೇಳಲಿಲ್ಲ.

ಮಲಿಕಸಾಬರ ಮಾತು ಇಷ್ಟು: ಯುದ್ಧ ಶುರುವಾದಾಗಿನಿಂದ ವಿಲಾಯತಿಯ ಪಿಂಗಾಣಿ ಭರಣಿ ಬರುವುದೇ ಕಡಿಮೆ. ಅಣ್ಣ ಎಷ್ಟು ಮಾಡಿದರೂ ಅವರು ಒಯ್ಯುತ್ತಾರೆ. ದಾಂಡೇಲಿಯ ಕಟ್ಟಿಗೆ ಡಿಪೋದವರು ಕೇಳುತ್ತಿದ್ದಾರೆ, ಜೋಯಿಡಾದವರು ಕೇಳುತ್ತಿದ್ದಾರೆ, ಮುಂಡಗೋಡದ ಸಂತೆಯಲ್ಲಿ ಇಟ್ಟ ಹೊತ್ತಿಗೇ ಖಾಲಿಯಾಗುತ್ತವೆ. ಅಣ್ಣ ಒಂದು ಭರಣಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತೋರಿಸುತ್ತಿದ್ದ. ಜೇನಿನ ಬಣ್ಣ, ಒದ್ದೆಯಾದಂತಹ ಹೊಳಪು. ನಮ್ಮ ಅಪ್ಪ ಕೆಂಪು ಗಡಿಗೆ ಬಿಟ್ಟು ಬೇರೇನೂ ಮಾಡಿದವನಲ್ಲ. ಅಣ್ಣ ಮುಂಬೈಗೆ ಹೋಗಿ ಈ ಮೆರುಗು ಕಲಿತು ಬಂದ. ಮಣ್ಣಿನ ಮೈಗೆ ಗಾಜಿನ ಅಂಗಿ ತೊಡಿಸುವ ವಿದ್ಯೆ. ಆ ಭರಣಿಯನ್ನು ನೋಡುವಾಗ ಅವನ ಮುಖದಲ್ಲಿ ಇರುವುದು ವ್ಯಾಪಾರವಲ್ಲ.

ಏಪ್ರಿಲ್ ೨೨

ಹೊಸ ಸಿಂಧೂರದ ಡಬ್ಬಿ ಒಡೆದರು. ಮೆರುಗಿಗೆ ಬೇಕಾದದ್ದು ಎರಡೇ: ಬೆಣಚುಕಲ್ಲಿನ ಹುಡಿ, ಸಿಂಧೂರ. ಎರಡನ್ನೂ ನೀರು ಹಾಕಿ ಬೀಸುಕಲ್ಲಿನಲ್ಲಿ ನುಣ್ಣಗೆ ಅರೆದು, ಒಣಗಿದ ಗಡಿಗೆಯನ್ನು ಅದರಲ್ಲಿ ಅದ್ದಿ ಆವಿಗೆಯಲ್ಲಿ ಸುಟ್ಟರೆ ಗಾಜಾಗುತ್ತದೆ. ಅರೆಯುವುದು ವೈನಿ ಮತ್ತು ಈರಕ್ಕ. ಈರಕ್ಕ ಪಕ್ಕದ ಓಣಿಯವಳು, ಕಾರಖಾನೆ ಶುರುವಾದಾಗಿನಿಂದ ಇದ್ದಾಳೆ.

ಡಬ್ಬಿ ಒಡೆದಾಗ ಒಂದು ಪದ್ಧತಿಯಿದೆ. ಮೊದಲ ಚಿಟಿಕೆ ಗೂಡಿನಲ್ಲಿರುವ ಮಾರುತಿಗೆ. ಆಮೇಲೆ ಎಲ್ಲರ ಹಣೆಗೆ. ಅವನ ಮೈಗೆ ಹಚ್ಚುವ ವಸ್ತುವಾದ್ದರಿಂದ ಅದನ್ನು ತುಳಿಯುವ ಜಾಗದಲ್ಲಿ ಚೆಲ್ಲಬಾರದು, ಬಚ್ಚಲಿಗೆ ಬಿಡಬಾರದು. ಹೀಗಾಗಿ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕೈ ತೊಳೆಯುವುದಿಲ್ಲ. ಕಣ್ಣಿಗೆ ಒತ್ತಿಕೊಂಡು, ತಲೆಗೂದಲಿಗೆ ಒರೆಸಿಕೊಂಡು ರೊಟ್ಟಿ ಮುರಿಯುತ್ತಾರೆ. ಬೆರಳ ಸಂದಿಯಲ್ಲಿ ಕೇಸರಿ ಹಾಗೆಯೇ ಇರುತ್ತದೆ. ನೋಡಲು ಎಷ್ಟು ಚೆಂದ! ಹೊತ್ತು ಮೂಡುವ ಮೊದಲಿನ ಬಾನನ್ನು ಅರೆದು ಹಚ್ಚಿದ ಹಾಗೆ.

ಅರೆದದ್ದು ಸಾಕೋ ಇಲ್ಲವೋ ಎಂದು ನೋಡಲು ವೈನಿ ಬೆರಳ ತುದಿಯನ್ನು ನಾಲಿಗೆಗೆ ಹಚ್ಚಿ ಹಲ್ಲು ಆಡಿಸುತ್ತಾರೆ. “ಹಲ್ಲಿಗೆ ಸಿಕ್ಕರ ಇನ್ನೂ ಅರೀಬೇಕು” ಎಂದು ನನಗೂ ತುಸು ಕೊಟ್ಟರು. “ಸಿಹಿ ಐತಿ ಅಲ್ಲ?”

ಹೌದು, ತೆಳ್ಳಗೆ ಸಿಹಿ.

ಮೇ ೬

ವೈನಿಗೆ ಮತ್ತೆ ದಿನ ಹೋಗಿವೆ. ನನಗೊಬ್ಬಳಿಗೇ ಹೇಳಿದರು, ಅಡಿಗೆಮನೆಯಲ್ಲಿ, ಮಾವಿನಕಾಯಿ ಹೆಚ್ಚುತ್ತ, ಈಳಿಗೆಯಿಂದ ತಲೆ ಎತ್ತದೆ. ಅಣ್ಣನಿಗೂ ಹೇಳಿಲ್ಲವಂತೆ. ಮೊದಲಿನೆರಡೂ ಹೋದವು. ಒಂದು ನಾಲ್ಕನೆಯ ತಿಂಗಳಲ್ಲಿ, ಇನ್ನೊಂದು ಆರು ತುಂಬಿ.

“ಅವರ ಮಾರಿ ಮ್ಯಾಲಿನ ಖುಷಿ ನೋಡಿದರಽ ನನಗ ಅಂಜಿಕಿ ಬರತೈತಿ ನೀಲಾ. ಐದು ದಾಟಲಿ. ಬಾಯಿ ಬಿಡಬ್ಯಾಡ.”

ನನ್ನಂಥವಳಿಗೆ ಬಾಯಿ ಬಿಡಬೇಡ ಎನ್ನಬೇಕೆ?

ಉಪ್ಪಿನಕಾಯಿ ಹಾಕಿದೆವು. ಅಂಚು ಸ್ವಲ್ಪ ಓರೆಯಾದ, ಮಾರಲು ಬಾರದ ಭರಣಿಯೊಂದನ್ನು ಅಣ್ಣ ಮನೆಗೆ ಕೊಟ್ಟಿದ್ದ. ಅದರ ತುಂಬ ಹಾಕಿ ಬಟ್ಟೆ ಕಟ್ಟಿಟ್ಟೆ. ವೈನಿ ಈಗಲೇ ಹೋಳು ಕದ್ದು ತಿನ್ನುತ್ತಿದ್ದಾರೆ.

ಮೇ ೨೬

ಈರಕ್ಕನ ಬಲಗೈಗೆ ಏನೋ ಆಗಿದೆ. ಭರಣಿ ಎತ್ತಲು ಹೋಗಿ ಬೀಳಿಸಿದಳು. ಅಣ್ಣ ಬೈದ. ಅವಳು ಮರುಮಾತಾಡದೆ ತನ್ನ ಕೈಯನ್ನೇ ನೋಡುತ್ತ ನಿಂತಳು. ಮುಂಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿದೆ, ನೀರಿಲ್ಲದ ಬಳ್ಳಿಯ ಎಲೆಯಂತೆ. ನೋವಿಲ್ಲ, ಬಾವಿಲ್ಲ.

“ರೊಟ್ಟಿ ಬಡಿಯಾಕ ಬರವಲ್ದ್ರಿ ನೀಲಕ್ಕಾರ. ಎಂಟು ದಿನಾ ಆತು. ಗಂಡಗ ಅಂಬಲಿ ಕುಡಸಾಕತ್ತೇನಿ. ನಮ್ಮ ನೆಗೆಣ್ಣಿ ಕಣ್ಣು. ಅಕಿದಽ ಇದು.”

ಹೊಟ್ಟೆ ನೋವೂ ಇದೆಯಂತೆ, ಮುರಿದು ಹಿಡಿದಂತೆ. ದವಾಖಾನೆಗೆ ಹೋಗು ಎನ್ನಬೇಕೆಂದಿದ್ದೆ. ಎಲ್ಲರೂ ಇದ್ದರು. ಹೇಳಲಿಲ್ಲ.

ಜೂನ್ ೪

ಕೊನೆಗೆ ವೈನಿಯೇ ಕಳಿಸಿದರು. “ನೀ ಜೋಡಿ ಹೋಗು, ಓದಿದಾಕಿ ಇದ್ದರ ಡಾಕ್ಟರ ಬೈಯೂದಿಲ್ಲ.” ಹೋದೆ.

ಡಾಕ್ಟರು ವಯಸ್ಸಾದವರು, ಈಚೆಗೆ ವರ್ಗವಾಗಿ ಬಂದವರು. ಕೈಯನ್ನು ಬಹಳ ನೋಡಲಿಲ್ಲ. ಕಡ್ಡಿಯಿಂದ ಅವಳ ತುಟಿಯೆತ್ತಿ ಕಿಟಕಿಯ ಕಡೆ ತಿರುಗಿಸಿದರು. ನನ್ನನ್ನೂ ಕರೆದು ತೋರಿಸಿದರು. ಹಲ್ಲು ಒಸಡಿಗೆ ಕೂಡುವಲ್ಲಿ ಕಪ್ಪು-ನೀಲಿ ಗೆರೆ, ಸೂಜಿಯಿಂದ ಶಾಯಿ ಎಳೆದ ಹಾಗೆ.

“ಏನ ಕೆಲಸಾ ಮಾಡ್ತಿ?”

“ಸಿಂಧೂರ ಅರೀತೇನ್ರಿ.”

“ಹಂಗಾರ ಸರಿ” ಎಂದು ಕಡ್ಡಿ ಎಸೆದರು. “ಸಿಂಧೂರ ಅಂದರ ಸೀಸ ತಾಯಿ. ಸುಟ್ಟ ಸೀಸ. ಹುಡಿ ಮೂಗಿಗೆ ಹೋಗತೈತಿ, ಕೈಯಿಂದ ಬಾಯಿಗೆ ಹೋಗತೈತಿ, ಒಳಗ ಕೂತು ಬಿಡತೈತಿ. ಬಣ್ಣದವರಿಗೆ, ಛಾಪಖಾನೆಯಾಗ ಮೊಳೆ ಜೋಡಸವರಿಗೆ ನೋಡೇನಿ. ಈ ಕೆಲಸಾ ಬಿಡು. ಕೈ ಬಂದರೂ ಬಂದೀತು, ತಡಾ ಆಗತೈತಿ.”

ನಾನು ಓದಿದ ಪುಸ್ತಕಗಳ ಮೊಳೆಗಳೂ ಸೀಸದವೇ ಎಂಬುದು ಎಂದೂ ನೆನಪಿಗೆ ಬಂದಿರಲಿಲ್ಲ.

ಹೊರಡುವಾಗ ಅವರು ನನಗೆ ಮಾತ್ರ ಕೇಳುವಂತೆ, ಗೋಡೆ ನೋಡುತ್ತ ಹೇಳಿದರು: “ಅಲ್ಲೆ ಹರೇದ ಹೆಂಗಸರಿದ್ದರ ತಗದು ಬಿಡ್ರಿ. ಸೀಸ ಹೊಕ್ಕ ಮೈಯಾಗ ಬಸರು ನಿಲ್ಲೂದಿಲ್ಲ.”

ದಾರಿಯುದ್ದಕ್ಕೂ ಈರಕ್ಕ ಮಾತಾಡಿದಳು. ಏನು ಹೇಳಿದಳೋ ತಿಳಿಯದು.

ಜೂನ್ ೫

ಮೆರುಗಿನ ಕೋಣೆಯಲ್ಲಿ ಬುತ್ತಿಯ ಹೊತ್ತು. ಈರಕ್ಕ ಎಡಗೈಯಲ್ಲಿ ಉಣ್ಣುತ್ತಿದ್ದಳು. ಡಾಕ್ಟರು ಹೇಳಿದ್ದನ್ನು ಎಲ್ಲರಿಗೂ ಹೇಳಿ ನಗುತ್ತಿದ್ದಳು.

“ಸಿಂಧೂರ ವಿಷಾ ಅಂತ! ಅಲ್ರಿ ವೈನ್ಯಾರ, ಮಾರುತಿ ಅಡಿಯಿಂದ ಮುಡಿತನಕ ಬಳಕೊಂಡ ನಿಂತಾನ. ಅವಗೇನ ಆಗೇತ್ರಿ?”

“ಅವಗ ಏನಾಗತೈತಿ?” ಎಂದರು ವೈನಿ. “ಲಗ್ನಽ ಆಗಿಲ್ಲ, ರೊಟ್ಟಿ ಬಡಿಯೂದಿಲ್ಲ, ಹಡಿಯೂದಿಲ್ಲ!”

ತಿಗರಿಯ ಮುಂದೆ ಗಡಿಗೆ ತಿದ್ದುತ್ತಿದ್ದ ಆಳು ದ್ಯಾಮಪ್ಪನೂ ಕೇಳಿಸಿಕೊಂಡು ನಕ್ಕು ಕೆಮ್ಮಿದ. ವೈನಿ ತಲೆ ಹಿಂದಕ್ಕೆ ಚೆಲ್ಲಿ ನಕ್ಕರು. ಬಾಗಿಲಿನಿಂದ ಬೆಳಕು ನೇರ ಅವರ ಬಾಯಿಯ ಮೇಲಿತ್ತು.

ಗೆರೆ ಇದೆ.

ಜೂನ್ ೭

ಎರಡು ದಿನದಿಂದ ಅಣ್ಣನ ಸುತ್ತ ತಿರುಗುತ್ತಿದ್ದೇನೆ. ವೈನಿಗೆ ಹೇಳಿದೆ. ಅವರು ಕನ್ನಡಿಯಲ್ಲಿ ನೋಡಿಕೊಂಡು ಕುಳಿತುಬಿಟ್ಟರು. ಆಮೇಲೆ “ಅವರಿಗೆ ಹೇಳಬ್ಯಾಡ” ಎಂದರು. “ಆ ಹೊಳಪು ಬಿಟ್ಟರ ಅವರ ಬಲ್ಲೆ ಏನೈತಿ?”

ಇವತ್ತು ಅಣ್ಣ ತಿಗರಿಯ ಮುಂದೆ ಒಬ್ಬನೇ ಇದ್ದ. ನಾನು ಬಾಗಿಲು ಹಿಡಿದು ನಿಂತೆ.

“ನೀಲವ್ವಾ, ಹೇಳೂದಿದ್ದರ ಹೇಳು. ನೀ ಹಿಡಕೊಂಡ ನಿಂತಿಲ್ಲಂದ್ರೂ ಬಾಗಲಾ ಬೀಳೂದಿಲ್ಲ.”

ಹೇಳಿದೆ. ಎಲ್ಲಿಂದ ಶುರು ಮಾಡಿದೆನೋ. ಅವನು ತಿಗರಿ ನಿಲ್ಲಿಸಲಿಲ್ಲ.

“ಮುಂಬೈದಾಗ ನಮ್ಮ ಮಾಸ್ತರು ಜನ್ಮಾನಽ ಇದರಾಗ ಕಳದಾರ. ಕಲ್ಲಿನಂಗ ಅದಾರ.”

“ಅವರು ತಾವಽ ಅರೀತಿದ್ದರೇನು?”

“ಛೇ, ಅರಿಯೂದಕ್ಕ ಬ್ಯಾರೆ ಆಳು ಇದ್ದರು.”

“ಆ ಆಳುಗಳು ಈಗ ಹೆಂಗ ಅದಾರ?”

ಅವನ ಕೈಯ ಗಡಿಗೆಯ ಕೊರಳು ಓರೆಯಾಯಿತು. ಅದನ್ನು ಮುದ್ದೆ ಮಾಡಿ ಮತ್ತೆ ಇಟ್ಟ. “ಯಾವನೋ ಡಾಕ್ಟರ ಅಂದನಂತ...” ಎಂದು ಶುರು ಮಾಡಿದ. ಆಗ ನನ್ನ ಬಾಯಿಂದ ಬಂದುಬಿಟ್ಟಿತು:

“ವೈನಿ ಬಸರದಾರ ಅಣ್ಣಾ.”

ತಿಗರಿ ತಾನೇ ತಿರುಗಿ ತಿರುಗಿ ನಿಂತಿತು. ಅವನ ಕೈ ಮಣ್ಣಿನ ಮೇಲೆ ಹಾಗೆಯೇ ಇತ್ತು.

ವೈನಿ ರಾತ್ರಿ ಊಟಕ್ಕೆ ನನ್ನ ಜೊತೆ ಕೂರಲಿಲ್ಲ. ಮಾತು ಕೊಟ್ಟು ಮುರಿದೆ. ಅದಕ್ಕೆ ನಾಚಿಕೆಯಾಗಬೇಕು. ಆಗುತ್ತಿಲ್ಲ.

ಜೂನ್ ೨೨

ವೈನಿ ಮೆರುಗಿನ ಕೋಣೆಗೆ ಹೋಗುವುದನ್ನು ಅಣ್ಣ ನಿಲ್ಲಿಸಿದ. ಈರಕ್ಕನನ್ನೂ ತೆಗೆದು ಮಣ್ಣು ತುಳಿಯುವುದಕ್ಕೆ ಹಾಕಿದ. ಅದಕ್ಕೆ ಕಾಲು ಸಾಕು. ಅರೆಯುವುದು ಈಗ ಅವನೇ, ಬಾಯಿಗೆ ಪಂಚೆ ಕಟ್ಟಿಕೊಂಡು. ಆದರೆ ಸಿಂಧೂರ ಬಿಡುವುದಿಲ್ಲ ಎಂದ. ನಮ್ಮ ಆವಿಗೆಯ ಬೆಂಕಿಗೆ ಸೀಸವಿಲ್ಲದೆ ಗಾಜು ಕರಗುವುದಿಲ್ಲವಂತೆ.

ನಾನು ಕೆಲವು ನೇಮ ಮಾಡಿದ್ದೇನೆ. ಒಣ ನೆಲ ಗುಡಿಸಬಾರದು, ನೀರು ಚಿಮುಕಿಸಿ ಒರೆಸಬೇಕು. ಬೆಣಚುಕಲ್ಲಿನ ಹುಡಿಯನ್ನು ಒಣಗಿದ್ದಾಗ ಜರಡಿ ಹಿಡಿಯಬಾರದು. ದ್ಯಾಮಪ್ಪನ ಕೆಮ್ಮು ಅದರದ್ದೇ ಎಂದು ಡಾಕ್ಟರು ಹೇಳಿದರು. ಬುತ್ತಿ ಹೊರಗೆ, ಬೇವಿನ ಕೆಳಗೆ. ಉಣ್ಣುವ ಮುಂಚೆ ಸೀಗೆಪುಡಿ ಹಚ್ಚಿ ಕೈ ತೊಳೆಯಬೇಕು. ತೊಳೆದ ನೀರನ್ನು ಯಾರೂ ತುಳಿಯದ ಕಡೆ, ಬಾವಿಯಿಂದ ದೂರ, ಗುಂಡಿ ತೋಡಿ ಬಿಡುವುದಕ್ಕೆ ಕೊನೆಗೆ ಎಲ್ಲರೂ ಒಪ್ಪಿದರು.

“ನೀಲಕ್ಕಾರ ಅತ್ತಿ ಆದ್ರಪಾ” ಎನ್ನುತ್ತಾಳೆ ಈರಕ್ಕ. “ಉಗುರು ತೋರಸು, ಕಿವಿ ತೋರಸು. ಇನ್ನ ನಾಳೆ ಹೇನು ನೋಡತಾರ.”

“ಬಾಯಿ ತೆರೀರಿ ಅಂತಾರಲ್ಲಬೇ, ಅದಽ ಅಂಜಿಕಿ” ಎಂದ ದ್ಯಾಮಪ್ಪ. “ಬಾಯಾಗ ತಂಬಾಕಾ ಇರತೈತಿ.”

ನಾನೇನೂ ಹೆಚ್ಚು ಹೇಳಿದವಳಲ್ಲ. ನಾಲ್ಕು ಮಾತು. ಆದರೂ ಹೀಗೆನ್ನುತ್ತಾರೆ.

ಜುಲೈ ೯

ವೈನಿ ಮನೆಯಲ್ಲೇ ಇದ್ದಾರೆ. ಕೌದಿ ಹೊಲಿಯುತ್ತಾರೆ. ನನ್ನೊಡನೆ ಮಾತು ಶುರುವಾಗಿದೆ. ಬಾಯಿಗೆ ಹುಳಿಯೊಂದೇ ರುಚಿಸುವುದು. ಮೂರು ಹೊತ್ತೂ ಉಪ್ಪಿನಕಾಯಿ. ಅನ್ನಕ್ಕೆ ಬರೀ ಅದರ ರಸ ಕಲಸಿಕೊಂಡು ಉಣ್ಣುತ್ತಾರೆ. ಭರಣಿಯ ಬಟ್ಟೆ ಬಿಚ್ಚಿ ಬಡಿಸುವುದೇ ನನಗೊಂದು ಸಂತೋಷ. ಉಂಡರಲ್ಲ, ಸಾಕು.

ಜುಲೈ ೨೯

ನಿನ್ನೆ ಪಂಚಮಿ. ತಂಬಿಟ್ಟು ಮುಟ್ಟಲಿಲ್ಲ ವೈನಿ. ಮುಖದ ಬಣ್ಣ ಮರಳಲಿಲ್ಲ. ಬೂದಿಯಂತಿದೆ. ಕೆಲಸ ಬಿಟ್ಟು ತಿಂಗಳ ಮೇಲಾಯಿತಲ್ಲ! ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿದರು, ಈರಕ್ಕ ಹೇಳುತ್ತಿದ್ದಂಥದೇ ನೋವು. ಕೂಸು ಮಿಸುಕುತ್ತಿದೆ ಎಂದರು. ಮಿಸುಕುತ್ತಿದೆ. ಮಿಸುಕುತ್ತಿದೆ ಎಂದು ನಾನೂ ಎರಡೆರಡು ಸಲ ಕೇಳಿ ತಿಳಿದುಕೊಂಡೆ.

ನನಗೂ ಹೊಟ್ಟೆ ಸರಿಯಿಲ್ಲ. ಅಣ್ಣನಿಗೂ. ಶ್ರಾವಣದ ನೀರು ಇರಬಹುದು.

ಆಗಸ್ಟ್ ೧೦

ಉಪ್ಪಿನಕಾಯಿ ತಳ ಕಂಡಿತು. ಉಳಿದದ್ದನ್ನು ಬಟ್ಟಲಿಗೆ ತೆಗೆದು ಭರಣಿ ತೊಳೆಯಲು ಕೂತೆ. ಕೈ ಒಳಗೆ ಹಾಕಿ ತಿಕ್ಕುವಾಗ ಏನೋ ಬೇರೆಯೆನಿಸಿತು. ಕುತ್ತಿಗೆಯ ಹತ್ತಿರ ನುಣುಪು. ಕೆಳಗೆ ಇಳಿದಂತೆ ಒರಟು, ಬೆಕ್ಕಿನ ನಾಲಿಗೆಯ ಹಾಗೆ. ಬಿಸಿಲಿಗೆ ಹಿಡಿದು ನೋಡಿದೆ. ರಸ ನಿಲ್ಲುತ್ತಿದ್ದ ಮಟ್ಟದವರೆಗೆ ಮಂಕು, ಹಾಲು ಕದಡಿದಂತೆ. ಅದರ ಮೇಲೆ ಜೇನಿನ ಹೊಳಪು ಇದ್ದ ಹಾಗೆಯೇ ಇದೆ. ನಡುವೆ ಒಂದು ಅಂಚು, ಯಾರೋ ಅಳತೆ ಹಿಡಿದು ಎಳೆದಂತೆ.

ಕೆಳಗಿನ ಹೊಳಪು ಎಲ್ಲಿಗೆ ಹೋಯಿತು?

ಮೂರು ಹೊತ್ತೂ ಬಡಿಸಿದವಳು ನಾನು.

ಆಗಸ್ಟ್ ೧೧

ಭರಣಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ದವಾಖಾನೆಗೆ ಹೋದೆ. ಸಾಲಿನಲ್ಲಿ ಗಂಡಸರಿದ್ದರು. ದಾಟಿ ಒಳಗೆ ಹೋಗಿ ಮೇಜಿನ ಮೇಲಿಟ್ಟೆ. ಡಾಕ್ಟರು ಬೆರಳಾಡಿಸಿದರು.

“ಹುಳಿ ಹಾಕಿದ್ರಿ?”

“ಹೌದ್ರಿ. ಮಾವಿನಕಾಯಿ. ನಮ್ಮ ವೈನಿ ಬಸರದಾರ, ಮೂರು ಹೊತ್ತೂ ಅದನ್ನಽ ಉಂಡಾರ.”

“ಸರಿಯಾಗಿ ಕರಗದ ಸೀಸ ಇದು. ಹುಳಿ ತಿಂದು ಬಿಡತೈತಿ. ಹುಳೀನ್ನ ನೀವು ತಿಂತೀರಿ.” ನನ್ನ ತುಟಿ ಎತ್ತಿ ನೋಡಿದರು. ನನಗೆ ಗೆರೆ ಮೂಡಿಲ್ಲ. “ಹಾಲು ಕುಡಿಸ್ರಿ ಅಕಿಗೆ. ಎಷ್ಟನೇ ತಿಂಗಳು?”

“ಆರು ತುಂಬಾಕ ಬಂದೇತ್ರಿ.”

ಅವರು ಭರಣಿಯನ್ನು ನನ್ನ ಕಡೆ ಸರಿಸಿ ಸಾಲಿನಲ್ಲಿದ್ದವರನ್ನು ಕರೆದರು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

ಆಗಸ್ಟ್ ೧೨

ಬೆಳಿಗ್ಗೆ ಅಣ್ಣನಿಗೆ ತೋರಿಸಿದೆ. ಅವನು ಭರಣಿಯನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. “ಇದು ಅಂಚು ಕೆಟ್ಟ ಮಾಲು. ಆವಿಗೀ ಮೂಲ್ಯಾಗಿತ್ತು, ಬೆಂಕಿ ತಾಗಿಲ್ಲ. ಇದೊಂದನ್ನ ಹಿಡಕೊಂಡ ಎಲ್ಲಾ ಭರಣಿ ಹಿಂಗಽ ಅನಬ್ಯಾಡ. ಮನಿಮಂದಿ ಎಲ್ಲಾ ತಿಂದೇವಿ, ಯಾರ ಸತ್ತೇವಿ?” ಎಂದು ದನಿಯೇರಿಸಿದ. ನಾನೂ ಏರಿಸಿದೆನಂತೆ. ದ್ಯಾಮಪ್ಪ ಹಾಗೆಂದ.

ವೈನಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು.

ಮಧ್ಯಾಹ್ನ ಅಣ್ಣ ಊಟಕ್ಕೆ ಕೂತ. ವೈನಿ ತಾವೇ ಎದ್ದು ಬಡಿಸಲು ಬಂದರು. ಅನ್ನ ಹಾಕಿ, ಬಟ್ಟಲಿನಲ್ಲಿ ತೆಗೆದಿಟ್ಟಿದ್ದ ಉಪ್ಪಿನಕಾಯಿಯನ್ನು ರಸದ ಸಮೇತ ಅವನ ತಾಟಿನ ತುದಿಗೆ ಸುರಿದರು.

“ಉಣ್ರಿ.”

ಅಣ್ಣ ತಲೆಯೆತ್ತಿದ.

“ಭರಣೀದು. ನಿಮ್ಮ ಕೈಲೆ ಮಾಡಿದ್ದು, ನನ್ನ ಕೈಲೆ ಹಾಕಿದ್ದು. ಉಣ್ರಿ. ಯಾರೂ ಸತ್ತಿಲ್ಲಂತ ಅಂದ್ರಲ್ಲ” ಎಂದರು ವೈನಿ. ದನಿ ಸಣ್ಣದಾಗಿಯೇ ಇತ್ತು. “ಹೆಸರಿಡೂ ಮದ್ಲಽ ಹೋದವರನ್ನ ಎಣಸೂದಿಲ್ಲೇನ್ರಿ?”

ಕೆಂಪು ರಸ ಅನ್ನದ ಕಡೆಗೆ ಮೆಲ್ಲಗೆ ಹರಿಯಿತು. ಅಣ್ಣ ಬೆರಳಿನಿಂದ ಅನ್ನವನ್ನು ಈಚೆಗೆ ಎಳೆದುಕೊಂಡ. ರಸ ಮತ್ತೆ ಬಂತು. ಮತ್ತೆ ಎಳೆದುಕೊಂಡ. ಆಮೇಲೆ ಕೈ ನಿಂತಿತು. ವೈನಿ ಎದುರಿಗೇ ನಿಂತಿದ್ದರು, ಒಂದು ಕೈ ನಡುವಿನ ಮೇಲೆ. ಅವನು ಉಣ್ಣಲಿಲ್ಲ. ತಾಟಿನಲ್ಲಿ ಕೈ ತೊಳೆದು ಎದ್ದ.

ಅವನು ಉಣ್ಣಲಿಲ್ಲ. ಅಷ್ಟೇ ಸಾಕಾಗಿತ್ತು ವೈನಿಗೆ. ಅಲ್ಲೇ ಕುಳಿತು ಅತ್ತರು.

ಆಗಸ್ಟ್ ೩೧

ಸಿಂಧೂರ ನಿಂತಿತು. ಉಳಿದ ಡಬ್ಬಿಯ ಮುಚ್ಚಳಕ್ಕೆ ಅಣ್ಣ ಅರಗು ಹಾಕಿ ಮುಚ್ಚಿದ್ದಾನೆ. ಕಟ್ಟಿಗೆ ಬೂದಿಯಿಂದ ಮೆರುಗು ಮಾಡಿ ಎರಡು ಆವಿಗೆ ಸುಟ್ಟ. ಎರಡೂ ಸಲ ಬೂದಿ ಬೂದಿಯಾಗಿಯೇ ಅಂಟಿಕೊಂಡು ಹೊರಬಂತು. ಈಗ ಅಪ್ಪನ ಹಾಗೆ ಬರೀ ಕೆಂಪು ಗಡಿಗೆ ಮಾಡುತ್ತಾನೆ.

ಮಾರಿದ ಭರಣಿಗಳ ಮಾತೆತ್ತಿದರೆ ಎದ್ದು ಹೋಗುತ್ತಾನೆ. “ಮಾರಿದ್ದು ಮಾರಿ ಆತು. ಊರಾಗ ಡಂಗುರ ಹೊಡದರ ನಾಳೆ ನನ್ನ ನೀರಿನ ಗಡಿಗೀನೂ ಯಾರೂ ಮುಟ್ಟೂದಿಲ್ಲ. ದ್ಯಾಮಪ್ಪ ಎಲ್ಲೆ ಹೋಗಬೇಕು? ಈರಕ್ಕ ಎಲ್ಲೆ ಹೋಗಬೇಕು? ನಿನ್ನ ಬಿ.ಎ. ಹೇಳಕೊಡತೈತೇನು ಅದನ್ನ?”

ಇಲ್ಲ, ಹೇಳಿಕೊಡುವುದಿಲ್ಲ.

ಮಲಿಕಸಾಬರ ಅಂಗಡಿಗೆ ಹೋಗಿ ಹೇಳಿದೆ. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಬೇಟಿ, ಜೋಯಿಡಾಕ ಒಯ್ದವರೆಲ್ಲಾ ಕೋಕಂ ಹುಳಿ ತುಂಬಾಕಽ ಒಯ್ದಾರಲ್ಲ! ಉಳದ ಮಾಲು ನಾ ಮಾರೂದಿಲ್ಲ, ಅದು ನನ್ನ ಕೈಯಾಗೈತಿ. ಹ್ವಾದದ್ದರ ಸುದ್ದಿ ನಾ ಹೇಳಿದರ ಮಂದಿ ಏನಂತಾರ? ಸಾಬ ಹೊಸಾ ಮಾಲು ತಂದಾನ, ಅದನ್ನ ಮಾರಾಕ ಹಳೇದಕ್ಕ ಹೆಸರಿಡಾಕತ್ತಾನ ಅಂತಾರ. ಮಾಡಿದವರ ಮನಿಯಿಂದ ಮಾತು ಬರಲಿ. ಆಮ್ಯಾಲೆ ನನ್ನ ಗಾಡಿ ಐತಿ, ಎಲ್ಲೆ ಬೇಕಾದರೂ ಒಯ್ರಿ.”

ಸೆಪ್ಟೆಂಬರ್ ೧೪

ಆರು ದಾಟಿ ಏಳು. ಎಲ್ಲರೂ ಉಸಿರು ಹಿಡಿದಿದ್ದೇವೆ.

ಸೆಪ್ಟೆಂಬರ್ ೨೬

ಹೆಣ್ಣು ಕೂಸು. ನಿನ್ನೆ ಬೆಳಿಗ್ಗೆ. ದಿನ ತುಂಬದೆ ಬಂದಿದೆ. ಬದುಕಿದೆ.

ಸೂಲಗಿತ್ತಿ ಖತೀಜಾಬಿ ಹೆರಿಗೆ ಮಾಡಿಸಿದರು. ಹೋದ ಸಲ ಆರು ತಿಂಗಳಿನದು ಹೋದಾಗ ಬಂದಿದ್ದವರೂ ಅವರೇ. ಕೂಸು ನನ್ನ ಅಂಗೈಯಿಂದ ಮೊಣಕೈವರೆಗೆ ಇಲ್ಲ. ಅರಳೆಯಲ್ಲಿ ಸುತ್ತಿ, ಬಿಸಿನೀರಿನ ತಂಬಿಗೆ ಪಕ್ಕಕ್ಕಿಟ್ಟು ಮಲಗಿಸಿದ್ದಾರೆ. ಅಳುವ ಶಕ್ತಿಯಿಲ್ಲ. ಬಾಯಿ ತೆರೆಯುತ್ತದೆ, ದನಿ ಬರುವುದಿಲ್ಲ.

“ಒಂಬತ್ತು ದಿನಾ ನೋಡೂಣು ಮಹಾದೇವಕ್ಕ. ಅಲ್ಲಾ ದೊಡ್ಡಾವ” ಎಂದು ಖತೀಜಾಬಿ ವೈನಿಗೆ ಹೇಳಿದರು. ಕೈ ತೊಳೆಯುತ್ತ ಸಹಜವಾಗಿ ಮಾತು ಮುಂದುವರಿಸಿದರು: “ನಮ್ಮ ಸೊಸಿ ದಿಲಶಾದನೂ ಹೊಟ್ಟಿನೋವು ಅಂತ ಮಲಗತಾಳ. ಅಕಿಗೀಗ ಐದು ತಿಂಗಳು. ಹ್ವಾದ ಸಲ ನಿಮ್ಮ ಯಜಮಾನರು ನಾ ಬ್ಯಾಡಂದರೂ ಒಂದ ಭರಣಿ ಕೊಟ್ಟಿದ್ದರಲ್ಲ, ಅದರಾಗಿನ ಲಿಂಬಿಕಾಯಿ ಬಿಟ್ಟರ ಮತ್ತೇನೂ ಬಾಯಿಗೆ ಹಚ್ಚೂದಿಲ್ಲ.”

ನಾನು ಬಾಯಿ ತೆರೆಯುವುದರೊಳಗೆ ಪಡಸಾಲೆಯಲ್ಲಿ ಕೂತಿದ್ದ ಅಣ್ಣ ಚಪ್ಪಲಿ ಮೆಟ್ಟಿದ ಸಪ್ಪಳ ಕೇಳಿತು.

ಹೊತ್ತು ಏರಿದ ಮೇಲೆ ಬಂದ. ಬಗಲಲ್ಲಿ ಆ ಭರಣಿ. ಅದು ಅಂಚು ಕೆಟ್ಟದ್ದಲ್ಲ, ಅವನ ಕೈಯ ಅತಿ ಒಳ್ಳೆಯದರಲ್ಲಿ ಒಂದು. ಅಂಗಳದಲ್ಲಿ ಕುಳಿತು ಒಳಗೆ ಹೆಬ್ಬೆರಳು ಹಾಕಿ ತಿಕ್ಕಿ ನೋಡಿದ. ತೆಗೆದ. ಮತ್ತೆ ಹಾಕಿದ.

“ಇದರದೂ ಹೋಗೇತಿ” ಎಂದ.

ನನಗೆ ಹೇಳಿದನೋ, ತನಗೆ ಹೇಳಿಕೊಂಡನೋ.

ಅಕ್ಟೋಬರ್ ೩

ಒಂಬತ್ತು ದಿನ ಕಳೆಯಿತು. ಹಾಲು ಹನಿಹನಿಯಾಗಿ ಇಳಿಯುತ್ತಿದೆ. ನಾಳಿದ್ದು ಸಂತೆಗೆ ಹೋಗೋಣ, ಭರಣಿ ತಂದವರಿಗೆ ಕೆಂಪು ಗಡಿಗೆ ಕೊಡೋಣ ಎಂದು ಅಣ್ಣನೇ ಹೇಳಿದ. “ನಾ ಹೇಳತೇನಿ. ಮಾಡಿದಾವ ನಾನು” ಎಂದ.

ಅಕ್ಟೋಬರ್ ೫

ಮಲಿಕಸಾಬರ ಗಾಡಿಯಲ್ಲಿ ಗಡಿಗೆ ತುಂಬಿಕೊಂಡು ಸಂತೆಗೆ ಹೋದೆವು. ಅಣ್ಣ, ದ್ಯಾಮಪ್ಪ, ಈರಕ್ಕ, ನಾನು. ಎಂದಿನ ಜಾಗದಲ್ಲಿ ಚೀಲ ಹಾಸಿದೆವು. ಸಂತೆಯಲ್ಲಿ ಕೂಗಿ ಮಾರುವುದರಲ್ಲಿ ಅಣ್ಣನ ಸಮ ಯಾರೂ ಇರಲಿಲ್ಲ. ಅವನು ನಿಂತ, ಕೈಯೆತ್ತಿದ, “ಕೇಳ್ರೆಪಾ” ಎಂದ. ಜನ ತಿರುಗಿದರು. ಅವನಿಗೆ ಮುಂದೆ ಮಾತು ಬರಲಿಲ್ಲ. ಖತೀಜಾಬಿಯ ಮನೆಯ ಭರಣಿಯನ್ನು ಎದೆಗೆ ಹಿಡಿದು ಹಾಗೆಯೇ ನಿಂತ.

ಅವನ ಕೈಯಿಂದ ಭರಣಿ ತೆಗೆದುಕೊಂಡೆ. ಯಾರಾದರೂ ಹೇಳಲೇಬೇಕಿತ್ತಲ್ಲ.

“ಈ ಭರಣಿ ನಮ್ಮ ಮನ್ಯಾಗ ಮಾಡಿದ್ದು. ಇದರಾಗ ಹುಳಿ ಹಾಕಬ್ಯಾಡ್ರಿ! ಉಪ್ಪಿನಕಾಯಿ ಬ್ಯಾಡ, ಕೋಕಂ ಬ್ಯಾಡ, ಮಜ್ಜಿಗಿ ಬ್ಯಾಡ! ಬಸರ ಹೆಂಗಸರಿಗಂತೂ ಮುಟ್ಟಿಸಬ್ಯಾಡ್ರಿ! ತಂದು ಕೊಡ್ರಿ, ಕೆಂಪು ಗಡಿಗಿ ಒಯ್ರಿ!”

ಮುದಕವ್ವನೊಬ್ಬಳು ಮುಂದೆ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಹೊಳಿಯೂದು ಇಸಕೊಂಡು ಹೊಳಿಲಾರದ್ದು ಕೊಡತೀರೇನಬೇ? ಚಲೋ ವ್ಯಾಪಾರ ಕಲತೀರಿ!” ಜನ ನಕ್ಕರು. ಈರಕ್ಕ ನನ್ನನ್ನು ಪಕ್ಕಕ್ಕೆ ಸರಿಸಿ ಅವಳ ಮುಂದೆ ನಿಂತು ತನ್ನ ಬಲಗೈ ಎತ್ತಿ ಹಿಡಿದಳು. ಕೈ ಬಂದಿಲ್ಲ, ಜೋತುಬಿದ್ದೇ ಇದೆ. “ಇದನ್ನ ನೋಡಿ ನಗು, ಯವ್ವಾ” ಎಂದಳು. ನಗು ನಿಂತಿತು. ಅವಳಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಮಣ್ಣು ತುಳಿಯುವ ಕೂಲಿ ಕಡಿಮೆ. ಆದರೂ ಬಂದಿದ್ದಳು.

ಸಂಜೆಯವರೆಗೆ ಅದನ್ನೇ ಮತ್ತೆ ಮತ್ತೆ ಹೇಳಿದೆ. ಒಟ್ಟು ಮೂರು ಭರಣಿ ಬಂದವು. ಒಂದರಲ್ಲಿ ಇನ್ನೂ ಹುಣಸೆಹಣ್ಣಿತ್ತು. ಗಡಿಗೆ ಕೊಳ್ಳಲು ಯಾರೂ ಬರಲಿಲ್ಲ. ಅಣ್ಣ ಹೇಳಿದಂತೆಯೇ ಆಯಿತು. ಗಾಡಿಗೆ ಮತ್ತೆ ಎಲ್ಲವನ್ನೂ ತುಂಬುವಾಗ ಅವನು ನನ್ನ ಮುಖ ನೋಡಲಿಲ್ಲ. ಆದರೆ ಭಾರದ್ದನ್ನೆಲ್ಲ ನನಗೆ ಬಿಡದೆ ತಾನೇ ಎತ್ತಿಟ್ಟ.

ಮನೆಗೆ ಬಂದರೆ ವೈನಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಮಧ್ಯಾಹ್ನ ಒಂದು ಸಲ ಸಣ್ಣಗೆ ಅತ್ತಿತಂತೆ, ಅಳು ಎನ್ನುವಷ್ಟಲ್ಲ. “ಏನಾತ ಸಂತ್ಯಾಗ?” ಎಂದು ಕೇಳಿದರು. ಹೇಳಲು ಹೋದರೆ ನನಗೆ ದನಿಯೇ ಹೊರಡಲಿಲ್ಲ. ಬರೀ ಗಾಳಿ. ಕೈಸನ್ನೆಯಲ್ಲಿ ಹೇಳಬೇಕಾಯಿತು. ಸಂತೆಯ ಧೂಳು ಗಂಟಲಿಗೆ ಹೋಗಿರಬೇಕು.

ಮುಂಡಗೋಡಕ್ಕೆ ಹೋಗಿರುವ ಭರಣಿಗಳೇ ಹೆಚ್ಚು ಎನ್ನುತ್ತಾರೆ ಮಲಿಕಸಾಬರು. ಅಲ್ಲಿಯ ಸಂತೆಗೆ ಇನ್ನೂ ನಾಲ್ಕು ದಿನವಿದೆ. ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡಿದ್ದೇನೆ. ಅಷ್ಟರೊಳಗೆ ಗಂಟಲು ಬಿಟ್ಟರೆ ಸಾಕು.